ಮರಳಿನಲ್ಲಿ ಅಣ್ಣ ಬರೆದ ಕೋಟೆ

ನಾವುಂದದ ಕಡಲ ತೀರದಲ್ಲಿ ಅಣ್ಣ ಕೋಲಿನಿಂದ ಗೆರೆ ಎಳೆಯುತ್ತಲೇ ಇದ್ದ. ಯುದ್ಧ ಮುಗಿಸಿ ಇಟಲಿಯಿಂದ ಬಂದಮೇಲೆ ಯಾರ ಜೊತೆಗೂ ಸರಿಯಾಗಿ ಮಾತಾಡದವನು, ಅಲ್ಲಿ ತಮ್ಮ ಪಡೆ ಉಳಿದುಕೊಂಡಿದ್ದ ಪುರಾತನ ಕೋಟೆಯನ್ನು ಅಮ್ಮನಿಗೂ ನನಗೂ ತೋರಿಸುತ್ತಿದ್ದ. ಹೆಬ್ಬಾಗಿಲು, ಅಂಗಳ, ಬಾವಿ, ಅರಸ ಉಣ್ಣುತ್ತಿದ್ದ ಚಾವಡಿ, ಅಂಗಳದ ಆಚೆ ತುದಿಗೆ ಅಡುಗೆಮನೆ.

"ಅಡುಗಿಮನಿ ಅಷ್ಟ್ ದೂರ ಇದ್ರೆ ಗಂಜಿ ತಣ್ದ್ ಹೋತಿಲ್ಯಾ?" ಎಂದಳು ಅಮ್ಮ. ಅಣ್ಣ ನಕ್ಕ. ಅವನ ನಗು ಹೇಗಿತ್ತೆಂಬುದೇ ನಮಗೆ ಮರೆತುಹೋಗಿತ್ತು.

ಅಷ್ಟರಲ್ಲಿ ದೋಣಿ ಬಂತು. ಮೀನಿನ ಬುಟ್ಟಿ ಹೊತ್ತ ಹೆಂಗಸರು ನೇರ ನಮ್ಮತ್ತಲೇ ಬಂದರು. ಮೀನು ಒಣಗಿಸಲು ಒಬ್ಬರು ಗೆರೆ ಹಾಕಿಟ್ಟ ಜಾಗವನ್ನು ನಮ್ಮಲ್ಲಿ ಇನ್ನೊಬ್ಬರು ತುಳಿಯುವುದಿಲ್ಲ. ಇದೇನೆಂದೂ ಕೇಳದೆ, ಅಷ್ಟು ಭಾರ ಹೊತ್ತುಕೊಂಡೇ ಎಲ್ಲರೂ ಕೋಟೆಗೆ ಸುತ್ತು ಹಾಕಿ ಹೋದರು. ಅಣ್ಣ ನೋಡುತ್ತ ನಿಂತ.

"ನೀ ಎಲ್ ಮನಿಕಂತಿದ್ದೆ ಮಗಾ?" ಅಮ್ಮ ಕೇಳಿದಳು. ಅವನು ಗೋಪುರದ ಬುಡದಲ್ಲಿದ್ದ ಕುದುರೆ ಲಾಯ ತೋರಿಸಿದ. ಅಮ್ಮ ಗೆರೆ ದಾಟಲಿಲ್ಲ. ಹೆಬ್ಬಾಗಿಲಿನಿಂದಲೇ ಒಳಗೆ ಹೋಗಿ, ಅಂಗಳ ಹಾದು, ಲಾಯದಲ್ಲಿ ಕುಳಿತು ಅಲ್ಲಿನ ಮರಳನ್ನು ಮೆಲ್ಲಗೆ ಸವರಿದಳು.

ಸಂಜೆಯ ಉಬ್ಬರಕ್ಕೆ ಕೋಟೆ ಹೋಯಿತು. ಆಮೇಲೆ ನಾನೂ ಎಷ್ಟೋ ಕೋಟೆ ನೋಡಿದ್ದೇನೆ. ಎಲ್ಲರೂ ಅರಸನ ಕೋಣೆ ಹುಡುಕುತ್ತಾರೆ. ನಾನು ಲಾಯ ಎಲ್ಲಿದೆ ಎಂದು ಕೇಳುತ್ತೇನೆ.