ಸದ್ದಿಗೆ ಮಾತ್ರ ಎಚ್ಚರವಾಗುವ ಯಂತ್ರ

“ಈಕಿ ಕಾಲೇಜು ಮುಗಸೂದು ಆಗೂ ಮಾತಲ್ಲ” ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಸುರಪುರದಿಂದ ಬಂದಿದ್ದಳು. ಯಾದಗಿರಿಯ ನಮ್ಮ ಓಣಿಯ ನಳದ ಹತ್ತಿರ, ಕೊಡ ಹಿಡಿದು ನಿಂತ ಅಷ್ಟೂ ಹೆಂಗಸರ ಎದುರಿಗೆ ಅಂದಳು. “ನಮ್ಮ ಮನಿತನದಾಗ ಓದಿದವರು ಯಾರದಾರ? ನಾಳಿ ನನ್ನ ಮನಿಗಿ ಸೊಸಿಯಾಗಿ ಬಂದು ರೊಟ್ಟಿ ಬಡಿಯಾಕಿಗೆ ಕಾಲೇಜು ಯಾಕ?”

ಅಪ್ಪ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಹಮಾಲ. ಆಗಷ್ಟೇ ಚೀಲ ಹೊತ್ತು ಬಂದಿದ್ದ. ತಲೆಗೆ ಸುತ್ತಿದ ಟವೆಲ್ಲಿನ ತುಂಬ ತೊಗರಿಯ ಧೂಳು. “ಯಕ್ಕಾ, ನಿನ್ನ ಕೈಗೇನಾಗೇತಿ? ನಿನ್ನ ರೊಟ್ಟಿ ನೀನ ಬಡ್ಕೊ” ಎಂದ. ಹೆಂಗಸರು ನಕ್ಕರು. ಅತ್ತೆ ಆ ಸಲ ಊಟ ಮಾಡದೆ ಬಸ್ಸು ಹತ್ತಿದಳು.

ನಾನು ಬಿ.ಎ. ಮುಗಿಸಿದೆ. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ಝೆರಾಕ್ಸ್ ಅಂಗಡಿ. ಬೇರೆಯವರ ಅಂಕಪಟ್ಟಿಗಳ ನಕಲು ತೆಗೆಯುತ್ತಲೇ ನನ್ನದನ್ನು ಗಳಿಸಿದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಸುಮ್ಮನೆ ಯಾರೂ ಕೊಟ್ಟದ್ದಲ್ಲ. ಅಷ್ಟರಲ್ಲಿ ಅತ್ತೆ ತನ್ನ ಮಗನಿಗೆ ಬೇರೆ ಕಡೆ ಹೆಣ್ಣು ತಂದಿದ್ದಳು. ಮಾತು ಮಾತ್ರ ಬದಲಿಸಲಿಲ್ಲ. “ಬಿ.ಎ. ಅಂದ್ರ ಅರ್ಧಾ. ಪೂರಾ ಓದಲಿ, ನೋಡೂನು” ಅಂದಳು. ಎಂ.ಎ.ಗೆ ಸೇರಿದೆ. ಕೊನೆಯ ವರ್ಷ ಕಿರುಪ್ರಬಂಧ ಬರೆಯಬೇಕಿತ್ತು. ಆಗ ಅದೇ ಅತ್ತೆಯ ಬಾಗಿಲಿಗೆ ಹೋಗುವ ಪಾಳಿ ನನಗೆ ಬಂತು.

ಯಾಕೆಂದರೆ ಅತ್ತೆ ಹಾಡಿ ಅಳುವವಳು. ಸತ್ತವರ ಮನೆಯಲ್ಲಿ ಹೆಣದ ಮುಂದೆ ಕುಳಿತು, ಸತ್ತವನ ಹುಟ್ಟು, ದುಡಿಮೆ, ಜಗಳ, ಆಸೆ ಎಲ್ಲವನ್ನೂ ಅಲ್ಲೇ ಹಾಡು ಕಟ್ಟಿ ಹೇಳುತ್ತಾಳೆ. ಸುರಪುರದ ಸುತ್ತ ನಾಲ್ಕಾರು ಹಳ್ಳಿಯವರು ಅವಳನ್ನು ಕರೆಸುತ್ತಾರೆ. ನನ್ನ ಮಾರ್ಗದರ್ಶಕರು ಕೇಳಿ ಖುಷಿಪಟ್ಟರು. “ಆದರೆ ಫೋನಿನ ರೆಕಾರ್ಡಿಂಗ್ ತರಬೇಡ. ನಡುವೆ ಒಂದು ಕರೆ ಬಂದರೆ ಮುಗೀತು. ಒಳ್ಳೆಯ ರೆಕಾರ್ಡರ್ ಹೊಂದಿಸು” ಎಂದರು.

ಹೈದರಾಬಾದಿನ ಅಂಗಡಿಗೆ ಫೋನು ಮಾಡಿ ಬೆಲೆ ಕೇಳಿದೆ. ಕೇಳಿದ ಕೂಡಲೇ ಫೋನು ಇಟ್ಟೆ. ಶಹಾಪುರದ ನನ್ನ ಸಹಪಾಠಿಯೊಬ್ಬಳ ಅಣ್ಣ ದುಬೈನಲ್ಲಿ ಚಾಲಕ. ಅಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ಅವಳೇ ವಿಚಾರಿಸಿ ಹೇಳಿದಳು. ಆ ಅರ್ಧವೂ ನಮ್ಮಲ್ಲಿರಲಿಲ್ಲ. ಮಳೆಗಾಲಕ್ಕೆ ಮುಂದಿನ ಕೋಣೆಗೆ ತಗಡಿನ ಪತ್ರಾಸು ಹೊದಿಸಲು ಇಟ್ಟಿದ್ದ ದುಡ್ಡನ್ನು ಅಪ್ಪ ತೆಗೆದುಕೊಟ್ಟ. ಅವ್ವ, “ಸೋರೂ ಮನ್ಯಾಗ ಡಬ್ಬಿ ಹಿಡ್ಕೊಂಡು ಏನ ಮಾಡ್ತೀರಿ?” ಅಂದಳು. “ಡಬ್ಬಿ ತಲಿ ಮ್ಯಾಲ ಇಟ್ಕೊಂಡು ಕುಂಡ್ರತೀವಿ” ಎಂದ ಅಪ್ಪ.

ಸಹಪಾಠಿಯ ಅಣ್ಣ ರಜೆಗೆ ಬಂದಾಗ ಶಹಾಪುರಕ್ಕೆ ಹೋಗಿ ತಂದೆ. ಅಂಗೈಯಷ್ಟು ಯಂತ್ರ. ಡಬ್ಬಿಯ ಮೇಲೆ ನನಗೆ ತಿಳಿಯದ ಅಕ್ಷರ.

“ನೋಡ್ ಬೆಹೆನ್, ಇದು ಜಪಾನಿನವರು ಜಪಾನಿಗಂತ ಮಾಡಿದ ಮಾಲು. ಅದಕ್ಕ ಅಗ್ಗ. ಅಕ್ಷರ ನನಗೂ ತಿಳೀವಲ್ದು” ಎಂದು ಅವರು ಮೊದಲೇ ಹೇಳಿದರು. “ಖರಾಬ್ ಆದ್ರ ಇಲ್ಲಿ ಯಾರೂ ಮುಟ್ಟಂಗಿಲ್ಲ. ಬ್ಯಾಡ ಅಂದ್ರ ಈಗ್ಲೇ ಹೇಳ್ರಿ, ನಾ ವಾಪಸ್ ಒಯ್ತೇನಿ.”

ಬೇಡ ಎನ್ನಲಿಲ್ಲ. ಅರ್ಧ ಉಳಿಯಿತೆಂಬ ಸಂತೋಷ ಕಣ್ಣು ಕಟ್ಟಿತ್ತು. ಮನೆಗೆ ಬಂದು ಫೋನಿನ ಕ್ಯಾಮೆರಾ ಹಿಡಿದು ಆ ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸಿ ನೋಡಿದೆ. ಬಂದ ಕನ್ನಡ ನನಗೇ ಅರ್ಥವಾಗಲಿಲ್ಲ. ಪರೀಕ್ಷೆ ಮಾಡಿದರಾಯಿತೆಂದು ಅಪ್ಪನ ಮುಂದೆ ಹಿಡಿದೆ.

ಅಪ್ಪ ಗಂಟಲು ಸರಿ ಮಾಡಿಕೊಂಡ. “ಏನ್ ಹೇಳಲಿ?”

“ಏನರ ಹೇಳಪ್ಪ.”

ಅಪ್ಪನಿಗೆ ಬಂದದ್ದು ಚೀಲ ಎಣಿಸುವುದು. ಗಂಜಿನಲ್ಲಿ ಮೊದಲ ಚೀಲಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. “ಲಾಭಾ... ಎರಡಾ... ಮೂರಾ...” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಅವ್ವ ಒಳಗಿಂದಲೇ, “ಸಾಕ ಮಾಡ್ರಿ, ಮಂದಿ ಮಾಲು ಬಂತೇನಂತ ನೋಡಾಕತ್ತಾರ!” ಅಂದಳು. ಅದೂ ಸ್ಪಷ್ಟವಾಗಿ ಹಿಡಿದಿತ್ತು. ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದವರಲ್ಲ. ಯಂತ್ರ ಪಾಸಾಯಿತು.

ಸುರಪುರಕ್ಕೆ ಹೋಗಿ ಅತ್ತೆಯ ಮುಂದೆ ಕುಳಿತೆ. ಅವಳು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದರಾಗ ಹಾಡಬೇಕೇನ? ಯಾರ ಸತ್ತಾರ?”

“ಯಾರೂ ಸತ್ತಿಲ್ಲ ಅತ್ತಿ. ಸುಮ್ಮ ಒಂದು ಹಾಡು.”

“ಬದುಕಿದ ಮನ್ಯಾಗ ಹಾಡಿದ್ರ ಆ ಹಾಡು ಹೆಣ ಬೇಡತೈತಿ. ಸತ್ತಾಗ ಬಾ. ಬ್ಯಾಡ ಅನ್ನಂಗಿಲ್ಲ.”

ಅಂದಿನಿಂದ ನಾನು ಸಾವಿಗಾಗಿ ಕಾದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ. ಸುರಪುರದ ಕಡೆ ಯಾರಾದರೂ ಹಾಸಿಗೆ ಹಿಡಿದರೆಂದರೆ ಯಂತ್ರಕ್ಕೆ ಚಾರ್ಜು ಹಾಕುತ್ತಿದ್ದೆ. ಒಬ್ಬ ಮುದುಕಿ ತೀರಿಕೊಂಡಳೆಂದು ಕೇಳಿ ಓಡಿದೆ. ಬಸ್ಸು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಕೈಕಾಲು ತೊಳೆಯುತ್ತಿದ್ದರು. ವಾಪಸು ಬರುವಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಮುದುಕಿ ಇನ್ನೊಂದು ತಾಸು ತಡೆದಿದ್ದರೇನಾಗುತ್ತಿತ್ತು ಎಂಬ ಸಿಟ್ಟು. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು.

ಸಾವು ನಮ್ಮ ಮನೆಗೇ ಬಂತು. ಗಂಜಿನಲ್ಲಿ ಚೀಲ ಇಳಿಸಿ ನೀರು ಕೇಳಿದ ಅಪ್ಪ, ತಂಬಿಗೆ ಕೈಗೆ ಬರುವ ಮೊದಲೇ ಚೀಲಗಳಿಗೆ ಒರಗಿದನಂತೆ. ಜೊತೆಯ ಹಮಾಲರು ತಳ್ಳುಗಾಡಿಯಲ್ಲಿ ತಂದರು. ನಮ್ಮ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದರು. ನನ್ನ ಫೋನನ್ನು ಪಕ್ಕದ ಮನೆಯವರು ತೆಗೆದುಕೊಂಡು ಊರೂರಿಗೆ ಸುದ್ದಿ ಮುಟ್ಟಿಸತೊಡಗಿದರು.

ಮಧ್ಯಾಹ್ನ ಅತ್ತೆ ಬಂದಳು. ಬಾಗಿಲಲ್ಲಿ ಎದೆ ಬಡಿದುಕೊಂಡು ಒಳಗೆ ಬಂದವಳು ತಮ್ಮನ ಮುಂದೆ ಕುಳಿತಳು. ನನ್ನ ಮುಖ ನೋಡಿದಳು. “ತಗೊಂಡು ಬಾ ನಿನ್ನ ಡಬ್ಬಿ” ಅಂದಳು.

ತಂದೆ. ಅಪ್ಪನ ಮೊಣಕಾಲಿನ ಹತ್ತಿರ ಇಟ್ಟು ಗುಂಡಿ ಒತ್ತಿದೆ. ಅವ್ವ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಕೆಂಪು ದೀಪ ಮಿಣುಕುತ್ತಿತ್ತು. ಮಿಣುಕಿದರೆ ಯಂತ್ರ ಸದ್ದಿಗೆ ಕಾಯುತ್ತಿದೆ ಎಂದು, ಒಂದೇ ಸಮ ಉರಿದರೆ ಮಾತ್ರ ಹಿಡಿಯುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

ಅತ್ತೆ ಬೇರೆಯವರ ಮನೆಯಲ್ಲಿ ಗಟ್ಟಿಯಾಗಿ ಹಾಡುವವಳು. ತಮ್ಮನಿಗೆ ಹಾಗೆ ಹಾಡಲಿಲ್ಲ. ಗಂಟಲೊಳಗೇ, ಕೂಸನ್ನು ಮಲಗಿಸುವಂತೆ ಹಾಡಿದಳು. ನಳದ ಹತ್ತಿರ ತಾನು ಆಡಿದ ಮಾತೂ ಅದರಲ್ಲಿತ್ತು, ಅಪ್ಪ ಕೊಟ್ಟ ಉತ್ತರವೂ ಇತ್ತು. ಇಷ್ಟು ನೆನಪಿದೆ. ಪದಗಳು ನೆನಪಿಲ್ಲ. ಯಂತ್ರ ಕೇಳುತ್ತಿದೆಯಲ್ಲ ಎಂದು ನಾನು ಕೇಳಲಿಲ್ಲ. ದೀಪ ನೋಡುತ್ತ ಕುಳಿತಿದ್ದೆ.

ಐದನೆಯ ದಿನ ಹಾಕಿ ಕೇಳಿದೆ. ಎರಡು ತಾಸಿನ ಹಾಡು ಎಂಟು ನಿಮಿಷವಾಗಿತ್ತು. ಹೆಂಗಸರ ಬೊಬ್ಬೆ, ಯಾರೋ ಸೀನಿದ್ದು, ಹೊರಗೆ ಹಮಾಲರು ಕೂಗಿದ್ದು, ಎಲ್ಲ ಇತ್ತು. ಅತ್ತೆಯ ದನಿ ಏರಿದಲ್ಲಿ ಮಾತ್ರ ತುಣುಕು. ಅದರಲ್ಲೂ ಮೊದಲ ಅಕ್ಷರಗಳು ಇಲ್ಲ. ಸದ್ದು ಜೋರಾದಾಗ ಎಚ್ಚರವಾಗಿ, ತಗ್ಗಿದಾಗ ಮಲಗುವ ಹಾಗೆ ಅದನ್ನು ಹೊಂದಿಸಲಾಗಿತ್ತು. ಆ ಹೊಂದಿಕೆಯನ್ನು ತೆಗೆಯಬೇಕೆಂದು ಡಬ್ಬಿಯ ಮೇಲಿನ ಆ ಅಕ್ಷರಗಳಲ್ಲಿ ಎಲ್ಲೋ ಬರೆದೇ ಇದ್ದೀತು. ಯಂತ್ರ ಕೆಟ್ಟಿರಲಿಲ್ಲ. ತಂದುಕೊಟ್ಟವರೂ ಮುಚ್ಚಿಟ್ಟಿರಲಿಲ್ಲ. ಪರೀಕ್ಷೆ ಮಾಡುವಾಗ ಒಂದು ಮಾತನ್ನು ಮೆಲ್ಲಗೆ ಆಡಿದ್ದರೆ ತಿಳಿಯುತ್ತಿತ್ತು.

“ಇನ್ನೊಮ್ಮೆ ಹಾಡಿಸು” ಎಂದರು ಮಾರ್ಗದರ್ಶಕರು. ಅತ್ತೆಗೆ ಕೇಳಿದೆ. ಅವಳು ಬಯ್ಯಲಿಲ್ಲ. “ನಿಮ್ಮಪ್ಪನ್ನ ಇನ್ನೊಮ್ಮೆ ಸಾಯಿಸ್ತೀ ಏನ?” ಎಂದಷ್ಟೇ ಕೇಳಿದಳು.

ಮುಂದಿನ ಒಂದು ತಿಂಗಳು ನಾನು ಮನೆಮನೆ ತಿರುಗಿದೆ. ಅಂದು ಹೆಣದ ಸುತ್ತ ಕುಳಿತಿದ್ದ ಒಬ್ಬೊಬ್ಬ ಹೆಂಗಸಿನ ಹತ್ತಿರ ಹೋಗಿ, ಏನು ನೆನಪಿದೆ ಎಂದು ಕೇಳಿ ಬರೆದುಕೊಂಡೆ. ಒಬ್ಬಳಿಗೆ ಎರಡು ಸಾಲು, ಒಬ್ಬಳಿಗೆ ಬರೀ ಧಾಟಿ. ಅವ್ವನ ಹತ್ತಿರ ಕೊನೆಗೆ ಹೋದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಮಂದಿ ಚೀಲಕ ಲಾಭ ಅಂದಿ, ತಮ್ಮಾ, ನಿನ್ನ ಹೆಗಲಿಗೆ ಏನ ತಂದಿ.” ಆಮೇಲೆ, “ಅಷ್ಟ. ಉಳದದ್ದು ನಾ ಯಾರಿಗೂ ಹೇಳಂಗಿಲ್ಲ” ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ಸಿಕ್ಕದ್ದು ನಲವತ್ತಕ್ಕೂ ಕಡಿಮೆ ಸಾಲು. ಅದನ್ನೇ ಇಟ್ಟುಕೊಂಡು ಪ್ರಬಂಧ ಬರೆದೆ. ಯಂತ್ರದ ಕಥೆಯನ್ನೂ ಬರೆದೆ, ನನ್ನ ತಪ್ಪನ್ನು ಮುಚ್ಚಿಡದೆ. ಪರೀಕ್ಷಕರು ಅಂಕ ಕಡಿತ ಮಾಡಿದರು. ಮೊದಲ ದರ್ಜೆ ತಪ್ಪಿತು. ಪಾಸಾದೆ.

ಪದವಿ ಪ್ರಮಾಣಪತ್ರ ಕೈಗೆ ಬಂದ ವಾರ ಸುರಪುರಕ್ಕೆ ಹೋದೆ. ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊದಲು ಯಂತ್ರ ತೆಗೆದು ಅಪ್ಪನ ದನಿ ಕೇಳಿಸಿದೆ. “ಲಾಭಾ... ಎರಡಾ... ಮೂರಾ...” ಅದೊಂದೇ ಅದರಲ್ಲಿ ಪೂರ್ತಿಯಾಗಿ ಇರುವುದು. ಅತ್ತೆಯ ಕೈಯಲ್ಲಿ ಮೊರ ನಿಂತಿತು. ಹದಿನಾಲ್ಕರವರೆಗೆ ಎಣಿಸಿ ಅಪ್ಪ ನಕ್ಕ; ಅವ್ವ ಬೈದಳು; ಮುಗಿಯಿತು.

ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ಸೀರೆಗೆ ಕೈ ಒರೆಸಿಕೊಂಡು ಹಿಡಿದಳು. ಓದಲು ಬರುವುದಿಲ್ಲ, ಆದರೂ ಮೇಲಿಂದ ಕೆಳಗಿನವರೆಗೆ ನೋಡಿದಳು. “ಪೂರಾ ಆತೇನ?”

“ಪೂರಾ ಆತ್ರಿ ಅತ್ತಿ.”

“ಆಗೂದಿಲ್ಲ ಅಂದಿದ್ದೆ ನಾ.” ಪ್ರಮಾಣಪತ್ರವನ್ನು ನನ್ನ ಕೈಗೆ ವಾಪಸು ಇಟ್ಟು ಮೊರ ಎತ್ತಿಕೊಂಡಳು. “ನಾ ಸತ್ತಾಗ ಆ ಡಬ್ಬಿ ತರಬ್ಯಾಡ, ಹುಡಿಗಿ. ಹಾಡಾಕ ಬಾಯಿ ತಗೊಂಡು ಬಾ.”