ಎರಡನೇ ಬಾವಿಯ ಸಹಿ

ಅವರ ಬಲಗೈ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು, ರಾಶಿ ಬಟ್ಟೆ ಒಗೆದು ಈಗಷ್ಟೇ ಎದ್ದು ಬಂದವರ ಹಾಗೆ. ಸೋಪಿನ ನೀರಿನ ಕೆಲಸ. ಗಲ್ಫ್ ದೇಶದ ಮರುಭೂಮಿಯಲ್ಲಿ ನಮ್ಮ ಕಂಪೆನಿಯ ಮೂರು ಹೀಲಿಯಂ ಬಾವಿಗಳಿದ್ದವು. ಗಡ್ಡ ಬೋಳಿಸುವ ಬ್ರಶ್ಶನ್ನು ನೊರೆಯಲ್ಲಿ ಅದ್ದಿ, ಬಾವಿಯ ಬಾಯಿಯ ಒಂದೊಂದು ಬೋಲ್ಟಿಗೂ ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಕುಕ್ಕರಗಾಲಿನಲ್ಲಿ ಕೂತು ನೋಡುವುದು ಅವರ ಉದ್ಯೋಗ. ಕಚೇರಿಯಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ.

ಹೀಲಿಯಂ ಎಂದರೆ ಬಲೂನಿಗೂ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಕ್ಕೂ ಬೇಕಾದ ಅನಿಲ. ವಾಸನೆಯಿಲ್ಲ, ಬಣ್ಣವಿಲ್ಲ, ಬೆಂಕಿಯೂ ಹತ್ತುವುದಿಲ್ಲ. "ಬಲೂನಿನ ಗಾಳಿ ಸ್ವಲ್ಪ ಸೋರಿದ್ರೆ ಯಾರಪ್ಪನ ಗಂಟು ಹೋಗ್ತದೆ ಮೇಸ್ತ್ರಿ?" ಎಂದು ನಾನು ಕಿಚಾಯಿಸುತ್ತಿದ್ದೆ.

"ಅದೊಂದೇ ಬರುದಲ್ಲ ಬಾಯಮ್ಮ, ಅಡಿಯಿಂದ ಬೇರೆ ವಿಷದ ಗ್ಯಾಸೂ ಒಟ್ಟಿಗೆ ಬರ್ತದೆ. ಅಲ್ಲಿ ಆಡು ಮೇಯಿಸುವವರು ಉಂಟು" ಎನ್ನುತ್ತಿದ್ದರು.

ಊರಲ್ಲಿ ಕೊಂಕಣಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದೇ ಕರೆದರು, ನಾನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ. ನಾನು ಉಡುಪಿ ಕಡೆಯವಳು. ಅವರು ಕಾಪುವಿನ ತುಳುವರು. ರಾಜಧಾನಿಯ ಘಾಲಾ ಬಡಾವಣೆಯ ನಮ್ಮ ಕಚೇರಿಯಲ್ಲಿ ನನ್ನದು ಟೈಪಿಂಗ್, ಫೈಲಿಂಗ್.

ಮೇಸ್ತ್ರಿ ನೋಡದೆ ಏನನ್ನೂ ಹೇಳುವ ಮನುಷ್ಯನಲ್ಲ. ಚಹಾಕ್ಕೆ ಸಕ್ಕರೆ ಸಾಕಾ ಎಂದು ಕೇಳಿದರೆ ಒಂದು ಗುಟುಕು ಕುಡಿದು, ಸ್ವಲ್ಪ ಯೋಚಿಸಿ, ಆಮೇಲೆ "ಸಾಕು" ಎನ್ನುವವರು. ನನಗೋ ತಾಳ್ಮೆ ಕಡಿಮೆ. "ಅಯ್ಯೋ ದೇವರೇ, ಚಹಾ ಅಲ್ವಾ, ಬಾವಿ ಅಲ್ಲ" ಎಂದು ರೇಗುತ್ತಿದ್ದೆ. ಅವರು ನಕ್ಕು ಇನ್ನೊಂದು ಗುಟುಕು ಕುಡಿಯುತ್ತಿದ್ದರು.

ಬಾವಿಗಳನ್ನು ತೋಡಿದ್ದಾಗಿತ್ತು, ಅನಿಲ ಶುದ್ಧ ಮಾಡುವ ಕಾರ್ಖಾನೆ ಮಾತ್ರ ಬಂದಿರಲಿಲ್ಲ. ಹಾಗಾಗಿ ಕಾಗದದಲ್ಲಿ ಮೂರಕ್ಕೂ 'ತಾತ್ಕಾಲಿಕ ಸ್ಥಗಿತ' ಎಂದು ಹೆಸರು. ಲೈಸೆನ್ಸಿನ ನಿಯಮ ಕಟ್ಟುನಿಟ್ಟು: ಸೋರಿಕೆಯಿಲ್ಲ ಎಂದು ತಪಾಸಣೆ ಮಾಡಿದವರು ಸಹಿ ಹಾಕಿದರೆ ಇನ್ನೊಂದು ವರ್ಷ ಹಾಗೇ ಇಡಬಹುದು; ಸೋರಿದರೆ ಸಿಮೆಂಟ್ ತುಂಬಿ ಶಾಶ್ವತವಾಗಿ ಮುಚ್ಚಬೇಕು. ಬಂಡವಾಳ ಹಾಕಿದವರಲ್ಲಿ ಎರಡು ಪಕ್ಷ. ಹೀಲಿಯಂಗೆ ಒಳ್ಳೆಯ ಕಾಲ ಬರುತ್ತದೆ, ಕಾಯೋಣ ಎನ್ನುವವರು ಕೆಲವರು. ಎಷ್ಟು ವರ್ಷ 'ತಾತ್ಕಾಲಿಕ' ಎಂದು ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು, ಮುಚ್ಚಿ ಕೈತೊಳೆದುಕೊಳ್ಳೋಣ ಎನ್ನುವವರು ಉಳಿದವರು. ಪ್ರತಿ ವೀಡಿಯೊ ಮೀಟಿಂಗಿನಲ್ಲೂ ಇದೇ ಜಗಳ. ಒಂದು ಬಾವಿ ಹೋದರೂ ಮುಚ್ಚುವವರ ಮಾತೇ ನಡೆಯುವಂತಿತ್ತು.

ಮೇಸ್ತ್ರಿಗೆ ಇಂಗ್ಲಿಷ್ ಓದುವುದು ಕಷ್ಟ. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು, ಅವರು ಸಹಿ ಹಾಕುವುದು. ಆರು ವರ್ಷ ಹೀಗೇ ನಡೆದಿತ್ತು. ಆ ಸಲ ತಪಾಸಣೆ ಮುಗಿಸಿ ಬಂದ ಮೇಸ್ತ್ರಿ ಕುರ್ಚಿಯಲ್ಲಿ ಕೂತವರೇ, "ಎರಡನೇದರ ಕುತ್ತಿಗೆಯಲ್ಲಿ ಗುಳ್ಳೆ ಬಂತು. ಮೂರು ಸಲ ನೋಡಿದೆ. ಬರೀರಿ, ಸೋರ್ತಾ ಉಂಟು" ಎಂದರು.

ನನಗೆ ಅವರ ಹೆಂಡತಿಯ ನೆನಪಾಯಿತು. ಮದುವೆಯಾದ ಮೇಲೆ ಅವರು ಇಲ್ಲಿ, ಹೆಂಡತಿ ಊರಲ್ಲಿ. ಇಲ್ಲೇ ಅಲ್ ಖೌದ್‌ನಲ್ಲಿ ಒಂದು ಕೋಣೆ ಮಾಡಿ ಆಕೆಯನ್ನು ಕರೆಸಿಕೊಂಡು ಇನ್ನೂ ಎರಡೇ ವರ್ಷವಾಗಿತ್ತು. ಬಾವಿ ಮುಚ್ಚಿದರೆ ಈ ವಯಸ್ಸಿನಲ್ಲಿ ಇವರಿಗೆ ಇನ್ಯಾರು ಕೆಲಸ ಕೊಡುತ್ತಾರೆ? ನನ್ನ ಕೆಲಸವೂ ಹೋಗಬಹುದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ವರದಿಯ ಸಾಲನ್ನೇ ಎತ್ತಿ ಇಟ್ಟೆ: ಸೋರಿಕೆ ಕಂಡುಬಂದಿಲ್ಲ. ಅವರ ಮುಂದೆ ಹಾಳೆ ಇಟ್ಟೆ. ಚಹಾವನ್ನೂ ಗುಟುಕು ಕುಡಿದು ನೋಡುವ ಮನುಷ್ಯ ನನ್ನ ಹಾಳೆಯನ್ನು ನೋಡದೆ ಸಹಿ ಹಾಕಿದರು.

ಮೂರನೇ ವಾರ ಲೈಸೆನ್ಸ್ ಕೊಡುವ ಇಲಾಖೆಯ ಇನ್ಸ್‌ಪೆಕ್ಟರು ಯಂತ್ರ ತಂದು ಅಳೆದರು. ಎರಡನೇ ಬಾವಿ ಸೋರುತ್ತಿತ್ತು. ಮ್ಯಾನೇಜರ್ ಆ ಹಾಳೆ ಹಿಡಿದು ಎಲ್ಲರೆದುರು ಕೇಳಿದರು: "ಮೇಸ್ತ್ರಿ, ಯೇ ಸೈನ್ ಆಪ್‌ಕಾ ಹೈ?"

ಮೇಸ್ತ್ರಿ ಹಾಳೆ ನೋಡಿದರು. ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮೇರಾ ಹೈ ಸಾಬ್. ಗಲತಿ ಮೇರಾ. ಬಾವಿ ಬಂದ್ ಕರೋ" ಎಂದರು.

"ಖಲಾಸ್" ಎಂದರು ಮ್ಯಾನೇಜರ್. ಸುಳ್ಳು ವರದಿ ಕೊಟ್ಟವನು ಎಂದು ಬರೆದೇ ಅವರನ್ನು ತೆಗೆದರು.

ಮೆಟ್ಟಿಲ ಹತ್ತಿರ ಅವರನ್ನು ತಡೆದು ನಿಲ್ಲಿಸಿ ನಾನು ಅತ್ತುಬಿಟ್ಟೆ. "ನಾನು ಹೋಗಿ ಹೇಳ್ತೇನೆ ಮೇಸ್ತ್ರಿ, ಈಗಲೇ."

"ಹೇಳಿ ಎಂತ ಸಿಕ್ತದೆ ಮಾರಾಯ್ತಿ? ಇಬ್ಬರನ್ನೂ ಕಳಿಸ್ತಾರೆ, ಅಷ್ಟೇ. ನಿಮ್ಮ ಮಕ್ಕಳ ಶಾಲೆ ಅರ್ಧಕ್ಕೆ ನಿಲ್ತದೆ. ಓದದೆ ಸಹಿ ಹಾಕಿದ್ದು ನಾನಲ್ವಾ?" ಮೆಟ್ಟಿಲಿಳಿಯುತ್ತಾ, "ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು ನೀವು" ಎಂದರು. ಅಷ್ಟೇ ಅವರು ನನಗೆ ಬೈದದ್ದು.

ನಾನು ಬಾಯಿ ಮುಚ್ಚಿಕೊಂಡು ಉಳಿದೆ. ಅವರು ಬೇಡವೆಂದದ್ದು ನನಗೆ ಅನುಕೂಲವೇ ಆಯಿತು, ಅದೇ ನನ್ನ ನಾಚಿಕೆ. ಎರಡನೇ ಬಾವಿಗೆ ಸಿಮೆಂಟ್ ಬಿತ್ತು. ನಾನು ಹೆದರಿದಂತೆ ಉಳಿದೆರಡನ್ನು ಮುಚ್ಚಲಿಲ್ಲ. ಅವು ಇವತ್ತಿಗೂ 'ತಾತ್ಕಾಲಿಕ', ಮೀಟಿಂಗಿನ ಜಗಳವೂ ನಿಂತಿಲ್ಲ. ಗಂಡ ಹೆಂಡತಿ ಊರಿಗೆ ಹೋದರು. ಹಬ್ಬಕ್ಕೆ ಫೋನ್ ಮಾಡಿದರೆ ಮಕ್ಕಳ ಪರೀಕ್ಷೆ ಹೇಗಾಯಿತು ಎಂದು ಕೇಳುತ್ತಿದ್ದರು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ತಿಂಗಳು ಹೃದಯಾಘಾತದಲ್ಲಿ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿಗೆ ಫೋನ್ ಮಾಡಿದೆ. ಸಮಾಧಾನದ ಮಾತು ಹೇಳಲು ಹೋದವಳು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ: ಆ ಸಾಲು ನನ್ನದು, ಅವರು ಸೋರುತ್ತದೆ ಎಂದೇ ಹೇಳಿದ್ದರು, ತಪ್ಪು ಅವರದಲ್ಲ.

 

"ಅವರಿರುವಾಗ ಹೇಳ್ಬಾರ್ದಿತ್ತಾ ಬಾಯಮ್ಮ" ಎಂದರು ಆಕೆ. "ಸುಳ್ಳು ಬರೆದು ಮರ್ಯಾದೆ ಕಳೆದ್ರಿ ಅಂತ ದಿನಾ ಬೈತಿದ್ದೆ ನಾನು. ಸಾಯುವ ದಿನ ಬೆಳಿಗ್ಗೆಯೂ ಬೈದೆ. ಒಂದು ದಿನವೂ ಬಾಯಿ ಬಿಡ್ಲಿಲ್ಲ ಅವರು."