ಕುಮಾರಿ ಬರೆಯದೆ ಬಿಟ್ಟ ವಿಳಾಸ

ಕುಮಾರಿ ಕುದೇರಿನವಳು. ಅಪ್ಪ ಮಂಟೇಸ್ವಾಮಿ ಊರಿನ ಅರಿಶಿನದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ಪಿಯುಸಿ ಮುಗಿಸಿ, ಚಾಮರಾಜನಗರದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಗುರುಸಿದ್ದಯ್ಯನವರ ಕೇಬಲ್ ಟಿ.ವಿ. ಆಫೀಸಿಗೆ ಫೋನ್ ಎತ್ತಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದಳು. ಧಾರಾವಾಹಿಯ ಹೊತ್ತಿಗೆ ಚಿತ್ರ ಹೋದರೆ ಬೈಗುಳ ಕೇಳುವುದು ಅವಳ ಪಾಲಿಗಿತ್ತು. ಆಮೇಲೆ ಗುರುಸಿದ್ದಯ್ಯನವರು ಅದೇ ಕಂಬಗಳ ಮೇಲೆ ಫೈಬರ್ ಎಳೆಸಿ ಇಂಟರ್ನೆಟ್ ಕೊಡಲು ಶುರುಮಾಡಿದರು. ಅದನ್ನು ನೋಡಿಕೊಳ್ಳಲು ಬಂದ ಇಂಜಿನಿಯರುಗಳು ಒಬ್ಬರೂ ನಿಲ್ಲಲಿಲ್ಲ. ಒಬ್ಬ ಎಂಟು ತಿಂಗಳು, ಇನ್ನೊಬ್ಬ ಒಂದು ವರ್ಷ. ಒಬ್ಬೊಬ್ಬರು ಬಿಟ್ಟು ಹೋದಾಗಲೂ ಅವರ ಕೆಲಸದ ಒಂದೊಂದು ಪಾಲು ಕುಮಾರಿಯ ಮೇಜಿಗೆ ಬಂತು. ಪಕ್ಕದಲ್ಲಿ ನಿಂತು ನೋಡಿದ್ದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು, ಅರ್ಥವಾಗದ ಇಂಗ್ಲಿಷ್ ಪುಟಗಳನ್ನು ಮೂರು ಮೂರು ಸಲ ಓದಿದ್ದು, ಅಷ್ಟೇ ಅವಳ ಓದು. ನಲವತ್ತಮೂರನೇ ವಯಸ್ಸಿಗೆ ಇಡೀ ಜಾಲವನ್ನು ನೋಡಿಕೊಳ್ಳುವವಳು ಅವಳೊಬ್ಬಳೇ ಆಗಿದ್ದಳು.

ಮದುವೆಯಾಗಿ ಗುಂಡ್ಲುಪೇಟೆಗೆ ಬಂದಿದ್ದಳು. ಗಂಡ ರಂಗರಾಜು ಶಾಲೆಯೊಂದರ ವ್ಯಾನ್ ಓಡಿಸುತ್ತಾನೆ. ಆಫೀಸು, ಯಂತ್ರಗಳು ಎಲ್ಲ ಇರುವುದು ಚಾಮರಾಜನಗರದಲ್ಲಿ. ಹಾಗಾಗಿ ದಿನಾ ಏಳೂಕಾಲರ ಬಸ್ಸು, ತೆರಕಣಾಂಬಿ ಮೇಲೆ, ಒಂದು ಗಂಟೆಗೂ ಮಿಕ್ಕಿ. ಸಂಜೆ ಮತ್ತೆ ಅದೇ ದಾರಿ. ಕೂರಲು ಜಾಗ ಸಿಕ್ಕ ದಿನ ಕಿಟಕಿಗೆ ತಲೆ ಕೊಟ್ಟು ನಿದ್ದೆ. ಸಿಗದ ದಿನ ಕಂಬಿ ಹಿಡಿದು ನಿಂತೇ ಕಣ್ಣು ಮುಚ್ಚುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಆಫೀಸಿನ ಹಳೆಯ ರೂಟರ್ ಪೆಟ್ಟಿಗೆ ಸುಟ್ಟುಹೋಯಿತು. ಅಂಥದ್ದೇ ಹೊಸದು ತರಿಸುವುದು ಗುರುಸಿದ್ದಯ್ಯನವರ ಕೈಲಾಗದ ಮಾತು. ಮೈಸೂರಿನಿಂದ ಬಂದ ಗುತ್ತಿಗೆದಾರನೊಬ್ಬ, ‘ಸಾಮಾನ್ಯ ಸರ್ವರ್ ಒಂದು ಸಾಕು, ಸಾಫ್ಟ್‌ವೇರ್ ಹಾಕಿ ಅದನ್ನೇ ರೂಟರ್ ಮಾಡಿಕೊಡುತ್ತೇನೆ’ ಎಂದ. ಎರಡೇ ದಿನದಲ್ಲಿ ಮಾಡಿಕೊಟ್ಟೂ ಹೋದ.

ಅವನು ಹಾಕಿದ್ದು ಪ್ಯಾಕೆಟ್ಟುಗಳನ್ನು ವೇಗವಾಗಿ ಸಾಗಿಸುವ ಸಾಫ್ಟ್‌ವೇರ್. ಸಾಮಾನ್ಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕಾರ್ಡಿಗೆ ಬಂದ ಪ್ರತಿಯೊಂದು ಪ್ಯಾಕೆಟ್ಟನ್ನೂ ಆಪರೇಟಿಂಗ್ ಸಿಸ್ಟಂ ಎತ್ತಿಕೊಂಡು, ನೋಡಿ, ಮುಂದಕ್ಕೆ ಕೊಡುತ್ತದೆ. ಸಾವಿರಾರು ಮನೆಗಳ ಸಿನಿಮಾ, ಪಾಠ, ಆಟ ಎಲ್ಲ ಒಟ್ಟಿಗೆ ಬಂದರೆ ಅದು ತಡಬಡಾಯಿಸುತ್ತದೆ. ಹೊಸ ಸಾಫ್ಟ್‌ವೇರ್ ಕಾರ್ಡನ್ನು ಆಪರೇಟಿಂಗ್ ಸಿಸ್ಟಂನ ಕೈಯಿಂದ ಬಿಡಿಸಿಕೊಂಡು, ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್ಟುಗಳನ್ನು ತಾನೇ ನೇರವಾಗಿ ಸಾಗಿಸುತ್ತದೆ. ಆದರೆ ಎಲ್ಲವನ್ನೂ ಹಾಗೆ ಸಾಗಿಸಿಬಿಡಲು ಆಗದು. ‘ಆ ಕಡೆ ಯಾರಿದ್ದೀರಿ, ನಿಮ್ಮ ವಿಳಾಸವೇನು’ ಎಂದು ಕೇಳಿಕೊಂಡು ಬರುವ ಪ್ಯಾಕೆಟ್ಟುಗಳಿಗೆ ಆಪರೇಟಿಂಗ್ ಸಿಸ್ಟಮ್ಮೇ ಉತ್ತರ ಕೊಡಬೇಕು. ಕಾರ್ಡು ಈಗ ಅದರ ಕೈಯಲ್ಲಿಲ್ಲ. ಅದಕ್ಕಾಗಿ ಮೆಮೊರಿಯಲ್ಲಿ ಮಾತ್ರ ಇರುವ, ಮುಟ್ಟಲು ಸಿಗದ ಇನ್ನೊಂದು ಕಾರ್ಡನ್ನು ಮಾಡಿಕೊಡುತ್ತಾರೆ. ಅದೇ ವರ್ಚುವಲ್ ಇಂಟರ್‌ಫೇಸ್. ಒಂದೊಂದು ಲೈನಿಗೂ ಅಂಥದ್ದೊಂದು ಬೇಕು. ಸಾಫ್ಟ್‌ವೇರ್ ಶುರುವಾಗುವಾಗ ಓದಿಕೊಳ್ಳುವ ಫೈಲಿನಲ್ಲಿ ಒಂದೊಂದಕ್ಕೂ ಒಂದು ಸಾಲು: ಹೆಸರು, ಸರತಿಗಳೆಷ್ಟು, ಒಂದೊಂದು ಸರತಿಯಲ್ಲಿ ಎಷ್ಟು ಪ್ಯಾಕೆಟ್ ನಿಲ್ಲಬಹುದು, ಹೀಗೆ.

ಗುತ್ತಿಗೆದಾರ ಚಾಮರಾಜನಗರದ ಎರಡು ಲೈನುಗಳಿಗೆ ಬರೆದು ತೋರಿಸಿ, ‘ಇನ್ನುಳಿದದ್ದು ನೀವೇ ನಕಲು ಮಾಡ್ಕೊಳ್ಳಿ ಮೇಡಂ’ ಎಂದಿದ್ದ. ಪುಣಜನೂರಿನ ಕಡೆಗೊಂದು, ಹಂಗಳದ ಕಡೆಗೊಂದು ಸಾಲನ್ನು ಕುಮಾರಿ ಬರೆದಳು. ಬರೆಯುವ ಮುಂಚೆ ಕೈಪಿಡಿಯನ್ನೂ ಓದಿದ್ದಳು. ಇಂಟರ್‌ಫೇಸಿಗೆ ವಿಳಾಸ ಕೊಡುವ ಬಗ್ಗೆ ಅಲ್ಲೊಂದು ಸಾಲಿತ್ತು, ಕೊಡದಿದ್ದರೂ ನಡೆಯುತ್ತದೆ ಎಂದಿತ್ತು. ಗುತ್ತಿಗೆದಾರನೂ ಕೊಟ್ಟಿರಲಿಲ್ಲ. ಅವಳೂ ಕೊಡಲಿಲ್ಲ.

ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿತ್ತು, ಕರೆಂಟು ಹೋಗಿ ಬಂದರೆ ಸರ್ವರ್ ಒಮ್ಮೊಮ್ಮೆ ನಿಂತು ಮತ್ತೆ ಏಳುತ್ತಿತ್ತು. ಚಾಮರಾಜನಗರ, ಪುಣಜನೂರುಗಳ ಮನೆಗಳಿಗೆ ಐದು ನಿಮಿಷದಲ್ಲಿ ಇಂಟರ್ನೆಟ್ ಬರುತ್ತಿತ್ತು. ಹಂಗಳದ ಕಡೆಯ ನಾನೂರು ಮನೆಗಳಿಗೆ ಮಾತ್ರ ಬರುತ್ತಿರಲಿಲ್ಲ. ಆ ಮನೆಗಳಿಗೆ ಲೈನು ಹಂಚುತ್ತಿದ್ದುದು ಊರಿನ ಅಂಗಡಿಯೊಂದರಲ್ಲಿಟ್ಟ ಸ್ವಿಚ್ ಎಂಬ ಪೆಟ್ಟಿಗೆ. ಹಂಗಳ ಕಾಡಿನ ಅಂಚಿನ ಊರು. ಆನೆ ಕಂಬ ತಳ್ಳುವುದು, ಮರ ಬಿದ್ದು ಫೈಬರ್ ಕಡಿಯುವುದು ಹೊಸದೇನಲ್ಲ. ಹಾಗಾಗಿ ಎಲ್ಲರೂ ತಂತಿಯನ್ನೇ ಅನುಮಾನಿಸಿದರು. ಎಲ್ಲರಿಗಿಂತ ಮೊದಲು ಕುಮಾರಿಯೇ ಅನುಮಾನಿಸಿದಳು.

ಆ ಕಡೆಯ ಲೈನ್‌ಮ್ಯಾನ್ ಚಿಕ್ಕಬೀರಯ್ಯ, ಹಂಗಳದವನೇ, ಐವತ್ತೆಂಟು ವಯಸ್ಸು. ಕೇಬಲ್ ಕಾಲದಿಂದ ಇದ್ದವನು. ಕುಮಾರಿ ಅವನನ್ನು ಬೀರಣ್ಣ ಎನ್ನುತ್ತಿದ್ದಳು. ಪ್ರತಿ ಸಲವೂ ಅವನು ಟಿವಿಎಸ್ ಗಾಡಿಗೆ ಏಣಿ ಕಟ್ಟಿಕೊಂಡು ಗುಂಡ್ಲುಪೇಟೆಯವರೆಗೂ ಕಂಬ ಕಂಬ ನೋಡಿಕೊಂಡು ಬರುತ್ತಿದ್ದ. ಫೈಬರಿನೊಳಗೆ ಇಂಟರ್ನೆಟ್ ಸಾಗುವುದು ಬೆಳಕಾಗಿ, ಅದನ್ನು ಅಳೆಯುವ ಮೀಟರು ಅವನ ಚೀಲದಲ್ಲಿರುತ್ತಿತ್ತು. ಪ್ರತಿ ಸಲವೂ ಒಂದೇ ಮಾತು.

“ಬೆಳಕು ಬತ್ತಾ ಅದ ಕಣವ್ವ. ಮೀಟ್ರು ಇಟ್ಟು ನೋಡ್ದಿ. ತಂತಿ ಎಲ್ಲೂ ಕಡ್ದಿಲ್ಲ.”

“ಇಲ್ಲಿಂದ ಕೂಗುದ್ರೆ ಹಂಗಳದ ಸ್ವಿಚ್ಚು ಓ ಅಂತಿಲ್ವಲ್ಲ ಬೀರಣ್ಣ. ಯಾವುದೋ ಜಾಯಿಂಟ್ ಸಡಿಲ ಇರ್ಬೇಕು, ನೋಡಿ” ಎನ್ನುತ್ತಿದ್ದಳು ಕುಮಾರಿ.

ಸುತ್ತಿ ಸುತ್ತಿ ಸಾಕಾಗಿ, ಕೊನೆಗೆ ಅವನು ಹಂಗಳದ ಜೆರಾಕ್ಸ್ ಅಂಗಡಿಯಲ್ಲಿಟ್ಟಿದ್ದ ಸ್ವಿಚ್ಚನ್ನು ಒಮ್ಮೆ ಆರಿಸಿ ಹಚ್ಚುತ್ತಿದ್ದ. ಲೈನು ಬರುತ್ತಿತ್ತು. ‘ನೋಡ್ದಾ, ಎಲ್ಲೋ ಕೈ ಆಡ್ಸಿ ಸರಿ ಮಾಡವ್ನೆ, ಮೊದ್ಲೇ ಮಾಡಕ್ಕೇನು ರೋಗ’ ಎಂದು ಜನ ಆಡಿಕೊಂಡರು. ಗಿರಾಕಿಗಳ ವಾಟ್ಸಾಪ್ ಗುಂಪಿನಲ್ಲಿ ಅವನನ್ನು ಸೋಮಾರಿ ಎಂದು ಬರೆದರು.

ಕಾರ್ತಿಕದ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ ಹಾಗೇ ಆಯಿತು. ಅವತ್ತು ಹಂಗಳದ ಶಾಲೆಯಲ್ಲಿ ಏನೋ ಆನ್‌ಲೈನ್ ಪರೀಕ್ಷೆ. ಕುಮಾರಿಯ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವಳಿಗೆ ಎರಡು ದಿನದಿಂದ ಜ್ವರ ಬೇರೆ. ಚಿಕ್ಕಬೀರಯ್ಯ ಹನ್ನೊಂದಕ್ಕೆ ಫೋನ್ ಮಾಡಿ, ಎಲ್ಲ ಕಂಬ ನೋಡಿದೆ, ಸರಿಯಾಗಿದೆ ಎಂದ.

“ನೀವು ಸರ್ಯಾಗಿ ನೋಡಿರಲ್ಲ ಬೀರಣ್ಣ. ಕೆಳಗೇ ನಿಂತು ನೋಡ್ದಿ ಅಂದ್ರೆ ಆಯ್ತದಾ? ಮೇಲತ್ತಿ ಇನ್ನೊಂದ್ಸಲ ನೋಡಿ” ಎಂದು ಕುಮಾರಿ ಜೋರು ಮಾಡಿದಳು.

“ಆಯ್ತು ಬುಡವ್ವ” ಎಂದು ಫೋನ್ ಇಟ್ಟ.

ಆಗಲೇ ಹತ್ತಿ ನೋಡಿದ್ದ ಕಂಬವನ್ನೇ ಅವನು ಎರಡನೇ ಸಲ ಹತ್ತಿದ. ಏಣಿ ಜಾರಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಗುಂಡ್ಲುಪೇಟೆಯಲ್ಲಿ ಪಟ್ಟಿ ಕಟ್ಟಿ ಮೈಸೂರಿಗೆ ಕಳಿಸಿದರು, ಅಲ್ಲಿ ಒಳಗೆ ರಾಡ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹಂಗಳದ ಲೈನು ತಾನಾಗಿಯೇ ಬಂತು. ಸಂಜೆಯ ಹೊತ್ತಿಗೆ ಚಿಕ್ಕಬೀರಯ್ಯ ಕುಡಿದು ಹತ್ತಿ ಬಿದ್ದ ಎಂಬ ಸುದ್ದಿ ಗುಂಪಿನಲ್ಲಿ ಓಡಾಡುತ್ತಿತ್ತು. ಅವನು ಜನ್ಮದಲ್ಲಿ ಕುಡಿದವನಲ್ಲ.

ಕುಮಾರಿ ಮಾರನೆಯ ದಿನವೂ ಅದೇ ಬಸ್ಸಿಗೆ ಹೋದಳು. ಕೂರಲು ಸೀಟು ಸಿಕ್ಕಿತು, ನಿದ್ದೆ ಬರಲಿಲ್ಲ. ‘ಬೆಳಕು ಬತ್ತಾ ಅದ’ ಎಂದವನ ಮಾತು ನಿಜವಾಗಿದ್ದರೆ? ಹಾಗೆ ಯೋಚಿಸಿದ್ದು ಅದೇ ಮೊದಲು. ತಂತಿ ಕಡಿದಿದ್ದರೆ ತಾನಾಗಿ ಹೇಗೆ ಬಂದೀತು?

ಎಂಟು ದಿನ ಅದರ ಹಿಂದೆ ಬಿದ್ದಳು. ಸಾಫ್ಟ್‌ವೇರ್ ಶುರುವಾದಾಗ ಪರದೆಯ ಮೇಲೆ ಬರುವುದನ್ನೆಲ್ಲ ಪ್ರಿಂಟ್ ತೆಗೆದಿಡುವ ಅಭ್ಯಾಸ ಅವಳಿಗಿತ್ತು. ಮಳೆಗಾಲದಿಂದ ಕೂಡಿಟ್ಟ ಹಾಳೆಗಳನ್ನು ನೆಲದ ಮೇಲೆ ಹರವಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಹೋಲಿಸಿದಳು. ಎಲ್ಲವೂ ಒಂದೇ. ವರ್ಚುವಲ್ ಇಂಟರ್‌ಫೇಸುಗಳ ವಿಳಾಸ ಮಾತ್ರ ಬೇರೆ. ಮೂರನೇ ಹಾಳೆಯಲ್ಲಿ ಇನ್ನೂ ಬೇರೆ. ಐದು ಹಾಳೆ, ಹಂಗಳಕ್ಕೆ ಐದು ವಿಳಾಸ. ಕೊಡದಿದ್ದರೂ ನಡೆಯುತ್ತದೆ ಎಂದರೆ, ಪ್ರತಿ ಸಲ ಏಳುವಾಗ ಸಾಫ್ಟ್‌ವೇರ್ ತನಗೆ ತೋಚಿದ್ದೊಂದನ್ನು ಇಟ್ಟುಕೊಳ್ಳುತ್ತದೆ ಎಂದು ಅರ್ಥ. ಬೇರೆ ಕಡೆಯ ಮನೆಗಳ ಸಣ್ಣ ರೂಟರುಗಳು ಐದು ನಿಮಿಷಕ್ಕೊಮ್ಮೆ ವಿಳಾಸ ಕೇಳಿಕೊಳ್ಳುತ್ತವೆ, ಅವಕ್ಕೆ ಹೊಸದು ತಿಳಿಯುತ್ತದೆ. ಹಂಗಳದ ಹಳೆಯ ಸ್ವಿಚ್ಚು ಒಮ್ಮೆ ತಿಳಿದುಕೊಂಡ ವಿಳಾಸವನ್ನು ನಾಲ್ಕು ಗಂಟೆ ಬಿಡುವುದಿಲ್ಲ. ಇಲ್ಲದ ವಿಳಾಸಕ್ಕೆ ಅಷ್ಟು ಹೊತ್ತೂ ಪ್ಯಾಕೆಟ್ ಕಳಿಸುತ್ತಲೇ ಇರುತ್ತದೆ. ಆರಿಸಿ ಹಚ್ಚಿದರೆ ಮರೆತು, ಮತ್ತೆ ಕೇಳುತ್ತದೆ.

ಜನ ಮಲಗುವ ಹೊತ್ತೆಂದು ಮಧ್ಯಾಹ್ನ ಎರಡೂವರೆಗೆ ಪರೀಕ್ಷೆ ಮಾಡಿದಳು. ಸಾಫ್ಟ್‌ವೇರ್ ನಿಲ್ಲಿಸಿ ಎಬ್ಬಿಸಿದಳು. ಹಂಗಳ ಹೋಯಿತು. ಜೆರಾಕ್ಸ್ ಅಂಗಡಿಯವನಿಗೆ ಫೋನ್ ಮಾಡಿ ಸ್ವಿಚ್ಚು ಆರಿಸಿ ಹಚ್ಚಿಸಿದಳು. ಬಂತು. ಆಮೇಲೆ ಫೈಲು ತೆರೆದು, ಹಂಗಳದ ಸಾಲಿನ ಕೊನೆಗೆ ನಿಜವಾದ ಕಾರ್ಡಿನ ಬದಲಾಗದ ವಿಳಾಸವನ್ನೇ ಬರೆದು, ಎಲ್ಲ ಸಾಲುಗಳಿಗೂ ಹಾಗೇ ಸೇರಿಸಿ, ಸಾಫ್ಟ್‌ವೇರ್ ನಿಲ್ಲಿಸಿ ಎಬ್ಬಿಸಿದಳು. ಸ್ವಿಚ್ಚು ಆ ವಿಳಾಸ ತಿಳಿದುಕೊಳ್ಳಲೆಂದು ಇನ್ನೊಮ್ಮೆ ಆರಿಸಿ ಹಚ್ಚಿಸಿದಳು. ಮತ್ತೆ ಸಾಫ್ಟ್‌ವೇರ್ ನಿಲ್ಲಿಸಿ ಎಬ್ಬಿಸಿದಳು. ಒಂದೇ ನಿಮಿಷಕ್ಕೆ ಹಂಗಳ ತಾನಾಗಿ ಬಂತು. ಇನ್ನೆರಡು ಸಲ ಮಾಡಿದಳು, ಬಂತು.

ಸಂತೋಷವೇನೂ ಆಗಲಿಲ್ಲ. ಬಟ್ಟೆ ಒಗೆದು ಮುಗಿಸಿದವಳಂತೆ ಕೈಗಳು ಸೋತಿದ್ದವು. ಊಟದ ಡಬ್ಬಿ ಹಾಗೇ ಇತ್ತು. ಹನ್ನೆರಡು ಅಕ್ಷರದ ಒಂದು ವಿಳಾಸ. ಬರೆಯಲು ಅರ್ಧ ನಿಮಿಷ ಹಿಡಿದಿರಲಿಲ್ಲ.

ಗುರುಸಿದ್ದಯ್ಯನವರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಸರಿ ಆಯ್ತಲ್ಲ, ಇನ್ನೇನು? ಆನೆ ತಂತಿ ಎಳೀತು ಅಂತ ಎಲ್ರೂ ನಂಬವ್ರೆ. ಅಂಗೇ ಇರ್ಲಿ ಬುಡು. ನೀನ್ ಯಾಕ್ ಮೈ ಮೇಲ್ ಎಳ್ಕೊಂಡೀಯೆ?”

“ಬೀರಣ್ಣನ್ನ ಕುಡುಕ ಅಂತವ್ರಲ್ಲ ಸಾರ್.”

“ಜನ ನಾಕ್ ದಿಸ ಅಂತಾರೆ, ಆಮೇಲ್ ಮರೀತಾರೆ.”

ಕುಮಾರಿ ಮುಂದಿನ ಭಾನುವಾರ ಹಂಗಳಕ್ಕೆ ಹೋದಳು.

ಚಿಕ್ಕಬೀರಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಅವನ ಹೆಂಡತಿ ಮಲ್ಲಾಜಮ್ಮ ಒಳಗಿನಿಂದ ಟೀ ತಂದಳು. ಕುಮಾರಿ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದಳು. ವಿಳಾಸದ ವಿಷಯ, ಫೈಲಿನ ವಿಷಯ, ಕೈಪಿಡಿಯಲ್ಲಿ ಓದಿಯೂ ಬಿಟ್ಟದ್ದು. ಅವನಿಗೆ ಅರ್ಧ ಅರ್ಥವಾಗಿರಬಹುದು. ಆದರೆ ಒಂದು ಮಾತನ್ನು ಹಿಡಿದುಕೊಂಡ.

“ಅಂಗಾರೆ ತಂತಿ ಕಡ್ದಿರ್ನಿಲ್ಲ.”

“ಕಡ್ದಿರ್ಲಿಲ್ಲ ಬೀರಣ್ಣ. ಒಂದ್ಸಲಾನೂ ಕಡ್ದಿರ್ಲಿಲ್ಲ. ತಪ್ಪು ನಂದು.”

ಮಲ್ಲಾಜಮ್ಮನಿಗೆ ತಡೆಯಲಾಗಲಿಲ್ಲ. “ಈಗ್ ಬಂದು ಹೇಳೀಯಲ್ಲಮ್ಮಿ, ಇವರ ಕಾಲು ಬತ್ತದಾ? ರಾತ್ರಿಯೆಲ್ಲ ನರಳ್ತರ ಕಣಮ್ಮಿ” ಎಂದು ಸೆರಗು ಬಾಯಿಗಿಟ್ಟುಕೊಂಡಳು. ಕುಮಾರಿ ತಲೆ ಎತ್ತಲಿಲ್ಲ.

ಚಿಕ್ಕಬೀರಯ್ಯ ಬೀದಿಯ ಕಡೆ ನೋಡುತ್ತಾ ಹೇಳಿದ: “ನಾನು ಮೊದಲ್ನೇ ದಿಸದಿಂದ್ಲೂ ಅದ್ನೇ ಯೋಳ್ದಿ. ಬೆಳಕು ಬತ್ತಾ ಅದ ಅಂತ. ಇಪ್ಪತ್ತು ವರ್ಷ ಕಂಬ ಹತ್ತಿವ್ನಿ, ನನ್ ಮಾತ ಒಬ್ರೂ ನಂಬ್ನಿಲ್ಲ. ಕಾಲು ಮುರ್ದದ್ದು ಅತ್ಲಾಗಿರ್ಲಿ ಕಣವ್ವ. ನನ್ಗೇ ಅನ್ಮಾನ ಬಂದ್ಬುಟ್ಟಿತ್ತು, ನನ್ ಕಣ್ಣು ಓಯ್ತೇನೋ ಅಂತ.” ಅವಳ ಕಡೆ ತಿರುಗಿ, “ನೀನು ನನ್ಗೆ ಯೋಳ್ದಂಗೆ ಅವ್ರ್ಗೂ ಯೋಳೀಯಾ? ಆ ಗುಂಪ್ನವ್ರ್ಗೆ?” ಎಂದು ಕೇಳಿದ.

ಜಗಲಿಯ ಮೇಲೆ ಕೂತೇ ಕುಮಾರಿ ಫೋನಿನಲ್ಲಿ ಬರೆದಳು. ಹಂಗಳದ ಲೈನ್ ಕಡಿದಿರಲಿಲ್ಲ, ಸರ್ವರಿನ ಫೈಲಿನಲ್ಲಿ ನಾನು ಒಂದು ವಿಳಾಸ ಬರೆಯದೆ ಬಿಟ್ಟಿದ್ದೆ, ಚಿಕ್ಕಬೀರಯ್ಯನವರು ಪ್ರತಿ ಸಲವೂ ಸರಿಯಾಗಿಯೇ ನೋಡಿದ್ದರು, ಅವತ್ತು ನಾನು ಒತ್ತಾಯ ಮಾಡಿದ್ದಕ್ಕೆ ಎರಡನೇ ಸಲ ಹತ್ತಿದರು, ಅವರು ಕುಡಿದಿರಲಿಲ್ಲ. ಕೆಳಗೆ ತನ್ನ ಹೆಸರು ಹಾಕಿದಳು. ಚಿಕ್ಕಬೀರಯ್ಯ ಓದಿಸಿಕೊಂಡು ಕೇಳಿ, “ಇನ್ನೊಂದ್ಸಲ ಓದು” ಎಂದ. ಓದಿದಳು.

ಬೈಗುಳ ಅವಳ ಕಡೆ ತಿರುಗಿತು. ಹೆಂಗಸರ ಕೈಗೆ ಇಂಥ ಕೆಲಸ ಕೊಟ್ಟರೆ ಇನ್ನೇನಾಗುತ್ತದೆ ಎಂದೂ ಬರೆದರು. ಗುರುಸಿದ್ದಯ್ಯನವರು ಹತ್ತು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹನ್ನೊಂದನೆಯ ದಿನ ಹೊಸ ಬ್ಯಾಟರಿಗಳನ್ನು ತರಿಸಿ ಹಾಕಿಸಿದರು. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಆ ಫೈಲನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ.

ಚಿಕ್ಕಬೀರಯ್ಯ ಸಂಕ್ರಾಂತಿ ಕಳೆದ ಮೇಲೆ ಕೋಲೂರಿಕೊಂಡು, ಗುಂಡ್ಲುಪೇಟೆಯಲ್ಲಿ ಗುರುಸಿದ್ದಯ್ಯನವರಿಗಿದ್ದ ಸಣ್ಣ ಆಫೀಸಿಗೆ ಬಂದ. ಕಂಬ ಹತ್ತುವುದು ಮುಗಿಯಿತು. ಕುಮಾರಿ ಮೂರು ಸಲ ಕೇಳಿ, ಗುರುಸಿದ್ದಯ್ಯನವರಿಂದ ಅವನಿಗೆ ಫೋನಿನ ಹತ್ತಿರ ಕೂರುವ ಕೆಲಸ ಕೊಡಿಸಿದಳು. ಅವನಿಗೆ ಅದು ಅಷ್ಟು ಹಿಡಿಸಿಲ್ಲ. ಕೂತು ಕೂತು ಸೊಂಟ ನೋಯುತ್ತದೆ ಎನ್ನುತ್ತಾನೆ. ಮಲ್ಲಾಜಮ್ಮ ಈಗಲೂ ಕುಮಾರಿಯನ್ನು ಕಂಡರೆ ಮಾತಾಡಿಸುವುದಿಲ್ಲ.

ಮೊನ್ನೆ ಮೈಸೂರಿನ ಗುತ್ತಿಗೆದಾರ ಸಂದೇಶ ಕಳಿಸಿದ್ದ. ಸಾಫ್ಟ್‌ವೇರಿನ ಮುಂದಿನ ಆವೃತ್ತಿಯಲ್ಲಿ ಈ ಬಗೆಯ ಇಂಟರ್‌ಫೇಸ್ ಇರುವುದಿಲ್ಲವಂತೆ, ಬೇರೆಯದಕ್ಕೆ ಎಲ್ಲ ಸಾಲುಗಳನ್ನೂ ಹೊಸದಾಗಿ ಬರೆಯಬೇಕಂತೆ. ಕುಮಾರಿ ಹೊಸ ಕೈಪಿಡಿಯ ಅರವತ್ತು ಪುಟ ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಈ ಸಲ ಒಂದು ಸಾಲನ್ನೂ ಬಿಡಬಾರದೆಂದು ಪೆನ್ನು ಹಿಡಿದು ಓದಲು ಕೂತಳು. ನಾಲ್ಕನೇ ಪುಟಕ್ಕೆ ಕಣ್ಣು ಎಳೆಯಿತು. ಎಚ್ಚರವಾದಾಗ ಬಸ್ಸು ಗುಂಡ್ಲುಪೇಟೆ ನಿಲ್ದಾಣದಲ್ಲಿತ್ತು. ಎಲ್ಲರೂ ಇಳಿದಿದ್ದರು. ಕಂಡಕ್ಟರು ಕೆಳಗೆ ಬಿದ್ದ ಹಾಳೆಗಳನ್ನು ಆರಿಸಿ ಅವಳ ಮಡಿಲ ಮೇಲೆ ಇಡುತ್ತಿದ್ದ.